‘ಕಗ್ಗಂಟು’: ಶೃಂಗಾರವೋ, ರಸಾಭಾಸವೋ?

ಪುರುಷರಿಬ್ಬರ ಪ್ರಣಯವನ್ನು ವಸ್ತುವಾಗುಳ್ಳ ಕೃತಿ ಕೈಗೆ ಬಂದಾಗ ಸುಶಿಕ್ಷಿತ ಗೃಹಗಳಲ್ಲಿ ಏಳುವ ಮೊದಲ ಮಾತು, ‘ಇದು ಸಾಹಿತ್ಯದಲ್ಲಿ ಸಲ್ಲುವುದೇ?’ ಎಂಬುದು. ಜಪಾನದಲ್ಲಿ ಇಂಥ ಪ್ರಣಯದ ಚಿತ್ರಕಥೆಗಳು 1970ರ ದಶಕದಿಂದ, ಬಹುಮಟ್ಟಿಗೆ ಸ್ತ್ರೀಯರ ಲೇಖನಿಯಿಂದಲೇ, ಪ್ರಚುರವಾಗಿವೆ. ಅವುಗಳಲ್ಲಿ ನಾಯಕರ ರೂಪಲಾವಣ್ಯಕ್ಕೆ ಅಗ್ರಸ್ಥಾನ. ಕನ್ನಡದಲ್ಲಿ ಈ ವಸ್ತುವನ್ನು ನೇರವಾಗಿ ಎತ್ತಿಕೊಂಡ ಪ್ರಮುಖ ಗ್ರಂಥ ಶ್ರೀ ವಸುಧೇಂದ್ರರ ‘ಮೋಹನಸ್ವಾಮಿ’ ಎಂಬ ಕಥಾಸಂಕಲನ (2013). ಸಂಡೂರಿನವರಾದ ಈ ಲೇಖಕರು ಇಂಥ ಕಥೆಯನ್ನು ಮೊದಲು ಕಲ್ಪಿತನಾಮದಿಂದ ಪ್ರಕಟಿಸಿ, ಅನಂತರ ಸ್ವನಾಮದಿಂದ ಗ್ರಂಥವನ್ನು ಹೊರತಂದರು. ಅದರ ಆರಂಭದ ಕಥೆ ‘ಕಗ್ಗಂಟು’.

ಕಥಾವಸ್ತು ಸರಳವಾದುದು. ಮೋಹನಸ್ವಾಮಿಯೊಡನೆ ಕೂಡಿ ಬಾಳಿದ ಕಾರ್ತಿಕನು ಅವನನ್ನು ತೊರೆದು ಹೆಣ್ಣೊಬ್ಬಳ ಕೈಹಿಡಿಯಲು ಹೊರಡುತ್ತಾನೆ. ವಿವಾಹವನ್ನು ಜನರು ಬ್ರಹ್ಮಗಂಟು ಎನ್ನುವರು. ಒಂದು ಗಂಟು ಊರವರ ಸಮ್ಮುಖದಲ್ಲಿ ಬೀಳುವಾಗ, ಯಾರೂ ಕಾಣದ ಇನ್ನೊಂದು ಗಂಟು ಬಿಚ್ಚಲಾರದೆ ಕೊರಳಿಗೆ ಬಿಗಿಯುತ್ತದೆ. ಶೀರ್ಷಿಕೆಯ ಸ್ವಾರಸ್ಯ ಇಲ್ಲಿದೆ.

ಶಾಸ್ತ್ರಜ್ಞರು ಇದನ್ನು ರಸಾಭಾಸವೆಂದು ತಳ್ಳಿಹಾಕಬಹುದು. ಆದರೆ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಎಣಿಸಿದ ಕಾರಣಗಳಲ್ಲಿ ಈ ಕಥೆಗೆ ತಗಲುವಂಥದು ಒಂದೇ: ಇಬ್ಬರಲ್ಲಿಯೂ ಸಮನಾಗಿ ನೆಲೆಸದ ರತಿ. ಆ ದೋಷವು ಕೃತಿಯದಲ್ಲ, ಕಾರ್ತಿಕನದು. ಮೇಲಾಗಿ, ದೋಷವಿದ್ದ ಕುದುರೆಯೂ ಕುದುರೆಯೇ ಆಗಿರುವಂತೆ ಆಭಾಸವೂ ರಸವೇ ಎಂಬ ಪಕ್ಷವನ್ನು ಜಗನ್ನಾಥ ಪಂಡಿತನು ‘ರಸಗಂಗಾಧರ’ದಲ್ಲಿ ಉಲ್ಲೇಖಿಸಿರುವನು. ಕಥೆಯಲ್ಲಿ ದೇಹದ ಮಾತು ಮುಚ್ಚುಮರೆಯಿಲ್ಲದೆ ಬರುವುದು ನಿಜ. ಅದರಿಂದ ಕೆಲವು ವಾಚಕರು ಮುಖ ತಿರುಗಿಸುವರು. ಆದರೆ ಪುಸ್ತಕ ಮುಚ್ಚಿದ ಮೇಲೆ ಉಳಿಯುವುದು ಸಂಭೋಗದ ಕಾವಲ್ಲ, ವಿಪ್ರಲಂಭದ ಬೇಗೆ. ಅದು ಕರುಣದ ಅಂಚಿಗೆ ಬಂದು ನಿಲ್ಲುತ್ತದೆ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಹೋಗಿಬರುವ ಈ ಭಾಗದ ಕುಟುಂಬಗಳಿಗೆ ಸೀರೆಯುಟ್ಟ ಜೋಗಪ್ಪನು ಅಪರಿಚಿತನಲ್ಲ. ಅವನಿಗೆ ಕೈಮುಗಿಯುವವರೂ ಉಂಟು. ಆದರೆ ಅವನದು ದೇವಿಯ ಸೇವೆ, ಹೆಣ್ತನದ ಧಾರಣೆ. ಮೋಹನಸ್ವಾಮಿಗಾದರೋ ಸೀರೆಯೂ ಇಲ್ಲ, ದೇವಿಯ ಮುದ್ರೆಯೂ ಇಲ್ಲ. ಅವನು ನೆರೆಮನೆಯ ಹುಡುಗನಂತೆ ಇರುವನು. ಅದಕ್ಕೇ ಅವನ ಕಥೆಯನ್ನು ಕೇಳುವುದು ಹೆಚ್ಚು ಕಷ್ಟ.

ಕೊರತೆಯೊಂದುಂಟು. ಕಾರ್ತಿಕನ ಅಂತರಂಗ ಸಾಕಷ್ಟು ತೆರೆಯುವುದಿಲ್ಲ. ಅವನ ಕೈಹಿಡಿಯುವ ಹೆಣ್ಣಿನ ಪಾಡೇನೆಂಬುದೂ ವಾಚಕನ ಊಹೆಗೇ ಉಳಿಯುತ್ತದೆ. ಮೂವರ ದುಃಖದಲ್ಲಿ ಒಬ್ಬನದೇ ತುಂಬಿ ಹರಿದಿದೆ.

ಗ್ರಂಥ ಪ್ರಕಟವಾದ 2013ರ ಡಿಸೆಂಬರಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಇಂಥ ಸಂಬಂಧವನ್ನು ಅಪರಾಧವೆನ್ನುವ 377ನೆಯ ಕಲಮನ್ನು ಎತ್ತಿಹಿಡಿದಿತ್ತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದಿಂದ ಬಿಡಿಸಿತು. ಕಾಯದೆಯ ಗಂಟು ಬಿಚ್ಚಿತು. ಮನೆಯ ಗಂಟು ಹಾಗೆಯೇ ಇದೆ. ‘ಮದುವೆಯಾದರೆ ಎಲ್ಲವೂ ಸರಿಹೋಗುವುದು’ ಎಂದು ಮಗನಿಗೆ ಕನ್ಯೆ ಗೊತ್ತುಮಾಡುವ ಹಿರಿಯರು, ಆ ಮಾತಿನಿಂದ ಎಷ್ಟು ಜನರ ಬಾಳು ತೊಡಕಾಗುವುದೆಂಬುದನ್ನು ಈ ಕಥೆಯಿಂದ ತಿಳಿಯಬಹುದು. ಮಕ್ಕಳ ಕೈಗೆ ಕೊಡುವ ಗ್ರಂಥ ಇದಲ್ಲ. ತಂದೆತಾಯಿಗಳು ತಪ್ಪದೆ ಓದತಕ್ಕದ್ದು.