ಬೀದರಿನ ಮದರಸಾ: ಎಲ್ಲಿಂದ ಬಂತು, ಎಲ್ಲಿ ನಿಂತಿದೆ?

ಬೀದರಿನ ಹಳೆಯ ಊರಿನಲ್ಲಿರುವ ಮಹಮೂದ್ ಗವಾನನ ಮದರಸಾವನ್ನು ನಾವು ಸಾಮಾನ್ಯವಾಗಿ ‘ಪರ್ಷಿಯನ್ ಶೈಲಿಯ ಕಟ್ಟಡ’ ಎಂದು ಓದಿಕೊಂಡಿರುತ್ತೇವೆ. ಅದು ತಪ್ಪಲ್ಲ. 1472ರಲ್ಲಿ ಮುಗಿದ ಈ ಕಟ್ಟಡದ ನಡು ಅಂಗಳ, ಬಣ್ಣದ ಟೈಲ್‌ಗಳು, ಮಿನಾರಿನ ಮೈಮೇಲಿನ ಅಂಕುಡೊಂಕು ಪಟ್ಟಿಗಳು ಇರಾನ್ ಮತ್ತು ಮಧ್ಯ ಏಷ್ಯಾದ ಮದರಸಾಗಳನ್ನು ನೆನಪಿಸುತ್ತವೆ. ಗವಾನ್ ಕೂಡ ಇರಾನಿನ ಗೀಲಾನದಿಂದ ಬಂದವನು. ಆದರೆ ಈ ಹಣೆಪಟ್ಟಿ ಅಂಟಿಸಿದ ಕೂಡಲೇ ನಮ್ಮ ಓದು ನಿಂತುಬಿಡುತ್ತದೆ ಎಂಬುದು ನನ್ನ ತಕರಾರು. ಕಟ್ಟಡ ಎಲ್ಲಿಂದ ಬಂತು ಎಂದು ಕೇಳುತ್ತೇವೆ. ಎಲ್ಲಿ ನಿಂತಿದೆ ಎಂದು ಕೇಳುವುದಿಲ್ಲ.

ಕೇಳಿ ನೋಡೋಣ. ಹಳೆಯ ಊರಿನ ಎರಡು ಮುಖ್ಯ ರಸ್ತೆಗಳು ಕೂಡುವಲ್ಲಿ ಚೌಬಾರ ಎಂಬ ದುಂಡನೆಯ ಗೋಪುರವಿದೆ. ಎತ್ತರ ಸುಮಾರು 71 ಅಡಿ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ದಾರಿಯ ಬದಿಯಲ್ಲೇ ಮದರಸಾ ಸಿಗುತ್ತದೆ. ಬಹಮನಿ ಸುಲ್ತಾನರ ಅರಮನೆಗಳಿರುವುದು ಕೋಟೆಯೊಳಗೆ. ಅವರ ಪ್ರಧಾನಿ ಮಾತ್ರ ತನ್ನ ವಿದ್ಯಾಲಯವನ್ನು ಕೋಟೆಯ ಹೊರಗೆ, ಊರವರು ಓಡಾಡುವ ಬೀದಿಗೆ ಮುಖ ಮಾಡಿ ಕಟ್ಟಿಸಿದ. ಮುಂಭಾಗದ ಎರಡು ಮೂಲೆಗಳಲ್ಲಿ ಎತ್ತರದ ಮಿನಾರುಗಳನ್ನು ನಿಲ್ಲಿಸಿದ. ಮದರಸಾ ಎಲ್ಲರಿಗೂ ತೆರೆದಿತ್ತು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಅರಬಿ, ಪಾರಸಿ ಬಲ್ಲ ವಿದ್ವಾಂಸರ ಪಾಠ. ಆದರೂ ವಿದ್ಯೆಗೆ ಊರ ನಡುವೆ ಒಂದು ದೊಡ್ಡ ಮನೆ ಬೇಕು, ಅದು ದಾರಿಹೋಕನಿಗೂ ಕಾಣಬೇಕು ಎಂಬ ನಿಲುವು ಈ ಜಾಗದಲ್ಲೇ ಇದೆ. ಶೈಲಿಯ ಚರ್ಚೆಯಲ್ಲಿ ಅದು ಕಾಣುವುದಿಲ್ಲ.

ಮೊಘಲರ ಕಾಲದಲ್ಲಿ, 1696ರಲ್ಲಿ, ಮದ್ದು ಸಿಡಿದು ಕಟ್ಟಡದ ದೊಡ್ಡ ಭಾಗ ಹಾಳಾಯಿತು. ಈಗ ಉಳಿದಿರುವುದು ಒಂದೇ ಮಿನಾರು. ಈ ಹಾನಿಯನ್ನೂ ನಾವು ಬರಿಯ ಮರುಕದಿಂದ ನೋಡುತ್ತೇವೆ. ಟೈಲ್ ಉದುರಿದಲ್ಲಿ ಗೋಡೆಯ ಒಡಲು ಕಾಣುತ್ತದೆ: ಹೊರಗೆ ತೆಳುವಾದ ಬಣ್ಣದ ಹೊದಿಕೆ, ಹಿಂದೆ ಕಲ್ಲು ಮತ್ತು ಗಾರೆ. ‘ಪರ್ಷಿಯನ್’ ಎಂಬ ಮಾತು ಹೊದಿಕೆಗೆ ಸರಿಯಾಗಿ ಹೊಂದುತ್ತದೆ. ಐನೂರು ವರ್ಷಗಳ ಮಳೆಬಿಸಿಲಿಗೆ ಎದೆಯೊಡ್ಡಿ ನಿಂತದ್ದು ಒಳಗಿನ ಗೋಡೆ.

ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಕಾಡುವ ಸಂಗತಿ ಇನ್ನೊಂದು. ಗವಾನ್ ಪತ್ರಲೇಖನದಲ್ಲಿ ಪಳಗಿದವನು. ಅವನ ಪತ್ರಗಳ ಸಂಕಲನ ‘ರಿಯಾಜ್ ಉಲ್ ಇನ್ಶಾ’ ಉಳಿದುಬಂದಿದೆ. ಪತ್ರ ಬರೆಯುವ ಕಲೆಯನ್ನು ಕುರಿತೇ ಅವನು ‘ಮನಾಜಿರ್ ಉಲ್ ಇನ್ಶಾ’ ಎಂಬ ಗ್ರಂಥ ಬರೆದ. ಅವನ ಜೀವ ತೆಗೆದದ್ದೂ ಒಂದು ಪತ್ರವೇ. ವಿರೋಧಿಗಳು ಅವನ ಮುದ್ರೆ ಬಿದ್ದ ಕಾಗದದಲ್ಲಿ ಶತ್ರುರಾಜನಿಗೆ ಆಹ್ವಾನ ಬರೆದು ಸುಲ್ತಾನನಿಗೆ ತೋರಿಸಿದರು. ಮೂರನೆಯ ಮುಹಮ್ಮದ್ ಷಾ ವಿಚಾರಣೆಯಿಲ್ಲದೆ 1481ರಲ್ಲಿ ಅವನನ್ನು ಕೊಲ್ಲಿಸಿದ. ಮುದ್ರೆ ನೋಡಿದವನು ಬರಹವನ್ನು ಪರೀಕ್ಷಿಸಲಿಲ್ಲ.

ಕಟ್ಟಡಕ್ಕೆ ‘ಪರ್ಷಿಯನ್’ ಎಂಬ ಮುದ್ರೆ ಒತ್ತಿ ಮುಂದೆ ಹೋಗುವ ನಾವೂ ಅಂಥದೇ ಅವಸರದ ಓದುಗರಲ್ಲವೇ? ಇಂದು ಮದರಸಾಕ್ಕೂ ಬೀದಿಗೂ ನಡುವೆ ಬೇಲಿಯಿದೆ. ರಕ್ಷಣೆಗೆ ಅದು ಬೇಕೇ ಬೇಕು. ನಮ್ಮ ಓದಿಗೆ ಮಾತ್ರ ಆ ಬೇಲಿ ಬೇಡ. ಮುಂದಿನ ಸಲ ಬೀದರಿಗೆ ಹೋದವರು ಮೊದಲು ಚೌಬಾರದ ಬಳಿ ನಿಲ್ಲಲಿ; ಅಲ್ಲಿಂದ ನಡೆದೇ ಮದರಸಾಕ್ಕೆ ಬರಲಿ.