ಕ್ಯೂಬಿಸಂನ ತಾಯಿಬೇರು

ಕ್ಯೂಬಿಸಂ ಎಂದೊಡನೆ ನಮಗೆಲ್ಲ ನೆನಪಾಗುವ ಹೆಸರು ಪಿಕಾಸೊ ಒಂದೇ. 1907ರಲ್ಲಿ ಪ್ಯಾರಿಸ್ಸಿನ ಮೋಂಮಾರ್ತ್ರ್ ಗುಡ್ಡದ ಮುರುಕು ಕಟ್ಟಡವೊಂದರಲ್ಲಿ ಆತ ‘ಆವಿನ್ಯೋನಿನ ಯುವತಿಯರು’ ಚಿತ್ರವನ್ನು ಬರೆದ, ಹೊಸ ಕಲೆ ಅಲ್ಲಿಂದ ಹುಟ್ಟಿತು ಎಂಬುದು ರೂಢಿಯ ಮಾತು. ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಆ ಐವರು ಹೆಂಗಸರ ಚಿತ್ರ ಹಳೆಯ ಮನೆಯನ್ನು ಕೆಡವಿತು, ನಿಜ. ಆದರೆ ಹೊಸ ಮನೆಗೆ ಅದಕ್ಕೂ ಮೊದಲೇ ಪಾಯ ಬಿದ್ದಿತ್ತು.

ಪಾಯ ಹಾಕಿದವನು ದಕ್ಷಿಣ ಫ್ರಾನ್ಸಿನ ಏಕ್ಸ್ ಪಟ್ಟಣದ ಪೋಲ್ ಸೆಜಾನ್. ತಂದೆ ಬ್ಯಾಂಕಿನ ಒಡೆಯ. ಮಗನೂ ಕೆಲಕಾಲ ಅದೇ ಬ್ಯಾಂಕಿನಲ್ಲಿ ಕೆಲಸಕ್ಕೆ ಕೂತು, ಆಮೇಲೆ ಬಿಟ್ಟ. (ಬ್ಯಾಂಕಿನ ಗುಮಾಸ್ತನಾದ ನನಗೆ ಈ ಸಂಗತಿ ಯಾಕೋ ಬಹಳ ಇಷ್ಟ.) ಅವನು 1893ರ ಸುಮಾರಿಗೆ ಬರೆದ ‘ಸೇಬಿನ ಬುಟ್ಟಿ’ ಈಗ ಚಿಕಾಗೋದ ಕಲಾಸಂಗ್ರಹದಲ್ಲಿದೆ, ನಾನು ಕಂಡದ್ದು ಪುಸ್ತಕದ ಅಚ್ಚಿನಲ್ಲಿ. ಮೇಜಿನ ಮೇಲೆ ಬಿಳಿ ಬಟ್ಟೆ, ವಾಲಿದ ಬಾಟಲಿ, ಇನ್ನೇನು ಉರುಳಲಿರುವ ಬುಟ್ಟಿ. ಬಟ್ಟೆಯ ಎಡಕ್ಕೆ ಕಾಣುವ ಮೇಜಿನ ಅಂಚಿಗೆ ಸ್ಕೇಲು ಇಟ್ಟು ಬಲಕ್ಕೆ ಗೆರೆ ಎಳೆದು ನೋಡಿ. ಆ ಕಡೆಯ ಅಂಚಿಗೆ ಅದು ಕೂಡುವುದಿಲ್ಲ! ಮೊದಲು ನಾನು ಅಚ್ಚಿನ ದೋಷವೆಂದೇ ಎಣಿಸಿದ್ದೆ. ಸೆಜಾನ್ ಒಂದೇ ಕಡೆ ನಿಂತು, ಒಂದೇ ಕಣ್ಣಿನಿಂದ ನೋಡಿ ಬರೆದವನಲ್ಲ. ತಲೆ ತುಸು ಹೊರಳಿದರೆ ಮೇಜೂ ಹೊರಳುತ್ತದೆ. ಎರಡು ನೋಟಗಳನ್ನೂ ಅವನು ಒಂದೇ ಪಟದಲ್ಲಿ ಉಳಿಸಿಕೊಂಡ. ನಾನೂರು ವರ್ಷಕ್ಕೂ ಹೆಚ್ಚು ಕಾಲ ಯೂರೋಪಿನ ಚಿತ್ರಕಲೆಯನ್ನು ಆಳಿದ ಏಕಬಿಂದು ದೃಷ್ಟಿ ಬಿರುಕು ಬಿಟ್ಟದ್ದು ಈ ಸೇಬುಗಳ ನಡುವೆ.

ಸೆಜಾನ್ 1906ರಲ್ಲಿ ತೀರಿಕೊಂಡ. ಮರುವರ್ಷ ಪ್ಯಾರಿಸ್ಸಿನ ಶರತ್ಕಾಲದ ಕಲಾಪ್ರದರ್ಶನದಲ್ಲಿ ಅವನ ಚಿತ್ರಗಳನ್ನು ಒಟ್ಟಾಗಿ ತೋರಿಸಿದರು. ಪ್ರಕೃತಿಯನ್ನು ಸಿಲಿಂಡರ್, ಗೋಳ, ಶಂಕುಗಳ ಮೂಲಕ ಕಾಣಬೇಕೆಂದು ಅವನು 1904ರಲ್ಲಿ ಎಮಿಲ್ ಬರ್ನಾರ್‌ಗೆ ಬರೆದಿದ್ದ ಕಾಗದವೂ ಆಗಲೇ ಅಚ್ಚಾಯಿತು. ಆ ಮೂರರಲ್ಲಿ ಘನಾಕೃತಿಯ ಹೆಸರೇ ಇಲ್ಲ!

ಈ ಪಾಠವನ್ನು ಸರಿಯಾಗಿ ಓದಿಕೊಂಡವನು ಜಾರ್ಜ್ ಬ್ರಾಕ್. ಮನೆಗಳಿಗೆ ಬಣ್ಣ ಬಳಿಯುವ ಮನೆತನದ ಹುಡುಗ. 1907ರ ಕೊನೆಗೆ ಪಿಕಾಸೊನ ಯುವತಿಯರನ್ನು ಕಂಡು ಬೆಚ್ಚಿದವನು ಮರುವರ್ಷ ಬೇಸಗೆಯಲ್ಲಿ ಹೋದದ್ದು ಲೆಸ್ತಾಕ್‌ಗೆ, ಸೆಜಾನ್ ಹಿಂದೆ ಚಿತ್ರ ಬರೆದಿದ್ದ ಕಡಲದಡದ ಊರಿಗೆ. ಅಲ್ಲಿ ಅವನು ಬರೆದ ಮನೆಗಳಿಗೆ ಕಿಟಕಿಯಿಲ್ಲ, ಬಾಗಿಲಿಲ್ಲ, ಮೇಲೆ ಆಕಾಶವೂ ಇಲ್ಲ. ಮಣ್ಣುಬಣ್ಣದ ಗೋಡೆಗಳು ಒಂದರ ಮೇಲೊಂದು ಏರಿ ನಮ್ಮತ್ತಲೇ ನೂಕಿ ಬರುತ್ತವೆ. 1908ರ ಶರತ್ಕಾಲದ ಪ್ರದರ್ಶನ ಇವನ್ನು ಒಪ್ಪಲಿಲ್ಲ. ನವೆಂಬರಿನಲ್ಲಿ ಕಾನ್‌ವೈಲರ್ ಎಂಬ ವ್ಯಾಪಾರಿ ತನ್ನ ಪುಟ್ಟ ಗ್ಯಾಲರಿಯಲ್ಲಿ ತೂಗುಹಾಕಿದ. ಎಲ್ಲವನ್ನೂ ಘನಗಳಿಗೆ ಇಳಿಸಿದ್ದಾನೆಂದು ವೊಕ್ಸೆಲ್ ಎಂಬ ವಿಮರ್ಶಕ ಪತ್ರಿಕೆಯಲ್ಲಿ ಹಂಗಿಸಿದ. ಆ ಹಂಗಿಕೆಯೇ ಪಂಥದ ಹೆಸರಾಯಿತು. ಕ್ಯೂಬಿಸಂ ಒಂದು ಚಿತ್ರದಲ್ಲಿ ಶುರುವಾಯಿತು ಎನ್ನಲೇಬೇಕಾದರೆ ನಾನು ತೋರಿಸುವುದು ಈ ಲೆಸ್ತಾಕ್ ಮನೆಗಳನ್ನು.

ಪಿಕಾಸೊನ ಪಾಲನ್ನು ನಾನು ಇಲ್ಲವೆನ್ನುತ್ತಿಲ್ಲ. ಪ್ಯಾರಿಸ್ಸಿನ ತ್ರೊಕಾದೆರೊ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡಗಳನ್ನು ಕಂಡು ನಡುಗಿದ ಕಣ್ಣು ಅವನದು. ಚಿತ್ರದ ಬಲಬದಿಯ ಇಬ್ಬರು ಯುವತಿಯರ ಮುಖ ನೋಡಿದರೆ ಸಾಕು. ಆದರೂ ಈ ಋಣವನ್ನು ಅವನು ಒಮ್ಮೆ ಅಲ್ಲಗಳೆದ, ಇನ್ನೊಮ್ಮೆ ಒಪ್ಪಿಕೊಂಡ. ಸೆಜಾನ್ ತಮ್ಮೆಲ್ಲರಿಗೂ ತಂದೆಯಂತಿದ್ದ ಎಂದವನೂ ಅವನೇ. ಹಾಗೆ ಒಬ್ಬನಿಗೆ ತಂದೆಯ ಸ್ಥಾನ ಸಿಕ್ಕಿತು. ಮುಖವಾಡ ಕೆತ್ತಿದವರ ಹೆಸರನ್ನು ಮಾತ್ರ, ಅವನ್ನು ಹೊತ್ತು ತಂದವರು ಕೇಳಿ ಬರೆದಿಡಲಿಲ್ಲ.