ಜಜ್ಜಿದ ಬರ್ಫ, ಖಾನಾಪುರದ ಕೋಕಮ್

ಬೆಳಗಾವಿಯಿಂದ ಸಾಂಬ್ರಾಕ್ಕೆ ಹೋಗುವ ದಾರಿಯಲ್ಲಿ ಬೇಸಿಗೆ ಬಂತೆಂದರೆ ಕಬ್ಬಿನ ಹಾಲಿನ ಗಾಡಿಗಳ ಗೆಜ್ಜೆ ಸದ್ದು ಶುರುವಾಗುತ್ತದೆ. ಅಲ್ಲಿ ನಿಂತವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಬರ್ಫ ಕಮ್ಮಿ ಹಾಕ್ರಿ." ಬರ್ಫ ಹಾಕುವುದೆಂದರೆ ನೀರು ಬೆರೆಸಿ ಮೋಸ ಮಾಡುವುದು ಎಂಬ ಗುಮಾನಿ ನಮ್ಮ ಜನಕ್ಕೆ ಇದೆ, ಗುಮಾನಿ ಸುಳ್ಳೂ ಅಲ್ಲ. ಆದರೆ ಮನೆಯಲ್ಲಿ ನಾವೇ ಶರಬತ್ತು ಮಾಡುವಾಗ ಆ ಮೋಸವನ್ನು ನಮಗೆ ನಾವೇ ಮಾಡಿಕೊಳ್ಳುತ್ತೇವೆ. ನೀರು ಹಾಕಿ, ಸಕ್ಕರೆ ಹದ ನೋಡಿ, ಎಲ್ಲ ಸರಿಯಾಯಿತು ಎಂದಮೇಲೆ ಫ್ರಿಜ್ಜಿನ ಟ್ರೇ ತಿರುವಿ ನಾಲ್ಕು ತುಂಡು ಹಾಕುತ್ತೇವೆ. ಗ್ಲಾಸು ಖಾಲಿಯಾಗುವ ಹೊತ್ತಿಗೆ ತಳದಲ್ಲಿ ಉಳಿದದ್ದು ಗುಲಾಬಿ ಬಣ್ಣದ ನೀರು.

ಜಜ್ಜಿದ ಬರ್ಫದ ಪಾನೀಯದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಬೇರೆ ನೀರು ಹಾಕುವುದಿಲ್ಲ, ಬರ್ಫವೇ ನೀರು. ಹುಳಿ, ಸಿಹಿ, ಬೇಕೆಂದವರಿಗೆ ಮದ್ಯ, ಇಷ್ಟನ್ನು ಗಟ್ಟಿಯಾಗಿ, ಬಾಯಿಗೆ ತುಸು ಹೆಚ್ಚೇ ಎನಿಸುವಂತೆ ಬೆರೆಸಿ, ತೆಳುಮಾಡುವ ಕೆಲಸವನ್ನು ಕರಗುವ ಬರ್ಫಕ್ಕೆ ಬಿಡಬೇಕು. ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಆದ್ದರಿಂದ ಸಿಹಿಯ ಕೈಯನ್ನು ಧಾರಾಳವಾಗಿಯೇ ಬಿಡಬಹುದು. ಈ ಬಗೆಯನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಅಮೆರಿಕದ ಬಾರುಗಳು. 1930ರ ದಶಕದಲ್ಲಿ ಹಾಲಿವುಡ್‌ನ ಡಾನ್ ದಿ ಬೀಚ್‌ಕೋಂಬರ್, ಆಮೇಲೆ ಓಕ್‌ಲೆಂಡಿನ ಟ್ರೇಡರ್ ವಿಕ್. ವಿಕ್ 1944ರಲ್ಲಿ ಮಾಡಿದೆನೆಂದು ಹೇಳಿಕೊಂಡ ಮೈ ತಾಯಿ ಎಂಬ ಪಾನೀಯದಲ್ಲಿ ರಮ್ಮು, ಲಿಂಬೆ, ಕಿತ್ತಳೆ ಮದ್ಯ, ಬಾದಾಮಿ ಪಾಕ, ಮತ್ತೆ ಗ್ಲಾಸು ತುಂಬ ಜಜ್ಜಿದ ಬರ್ಫ. ಅವರು ಉಷ್ಣವಲಯವನ್ನು ಬಿದಿರಿನ ಗೋಡೆ ಕಟ್ಟಿ ಸೃಷ್ಟಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಅದು ಬಾಗಿಲಾಚೆಗೇ ಇದೆ. ಬೆಳಗಾವಿ ಕಬ್ಬಿನ ಜಿಲ್ಲೆ, ರಮ್ ಹುಟ್ಟುವುದೇ ಕಾಕಂಬಿಯಿಂದ. ಖಾನಾಪುರದ ಕಾಡಂಚಿನಲ್ಲಿ ಕೋಕಮ್ ಇದೆ, ಗೇರು ಇದೆ. ಲಿಂಬೆ ವಿಜಯಪುರ, ಇಂಡಿ ಕಡೆಯಿಂದ ಬರುತ್ತದೆ. ಸಾಂಬ್ರಾದ ಬಯಲಿನಲ್ಲಿ ಏಪ್ರಿಲ್ ಮಧ್ಯಾಹ್ನ ಬೀಸುವ ಒಣ ಬಿಸಿಗಾಳಿ ಇದ್ದರೆ ಬಾಯಾರಿಕೆಯನ್ನಂತೂ ಬೇರೆ ಕಡೆಯಿಂದ ತರಿಸಬೇಕಿಲ್ಲ.

ಹೊಸಬರು ಮೊದಲು ಕಣ್ಣು ಪಳಗಿಸಿಕೊಳ್ಳಬೇಕು. ಜಾತ್ರೆಯಲ್ಲಿ ಗೋಲಾ ಮಾರುವವನ ಹತ್ತಿರ ನಿಂತು ನೋಡಿ. ಅವನ ಯಂತ್ರದಲ್ಲಿ ಬರ್ಫದ ಗಡ್ಡೆ ತಿರುಗುತ್ತದೆ, ಕೆಳಗಿನ ಬ್ಲೇಡು ಅದನ್ನು ಹೆರೆಯುತ್ತದೆ. ಹಿಂದೆ ಬಡಗಿಯ ಉಜ್ಜುಗೊರಡನ್ನೇ ಮಗುಚಿಟ್ಟು ಅದರ ಮೇಲೆ ಗಡ್ಡೆ ತೀಡುತ್ತಿದ್ದರು. ಹೀಗೆ ಬಂದದ್ದು ಹೆರೆದ ಬರ್ಫ. ಮುಷ್ಟಿ ಹಿಡಿದರೆ ಉಂಡೆ ಕಟ್ಟುತ್ತದೆ, ಪಾಕವನ್ನು ಹೀರಿ ಹಿಡಿದುಕೊಳ್ಳುತ್ತದೆ. ಕಡ್ಡಿಗೆ ಚುಚ್ಚಿ ಚೀಪಲು ಚೆನ್ನ, ಗ್ಲಾಸಿಗೆ ಹಾಕಿದರೆ ನಾಲ್ಕು ಗುಟುಕಿನಲ್ಲಿ ಕೆಸರು. ಕಬ್ಬಿನ ಹಾಲಿನವನು ರಸದ ಪಾತ್ರೆಗೆ ಬಿಡುವುದು ಗಡ್ಡೆ ಬರ್ಫ, ಮೆಲ್ಲಗೆ ಕರಗುತ್ತದೆ, ಮೆಲ್ಲಗೆ ತಣಿಸುತ್ತದೆ. ನಮಗೆ ಬೇಕಾದದ್ದು ಇವೆರಡರ ನಡುವಿನದು: ಜೋಳದ ಕಾಳಿನಿಂದ ಕಡಲೆಕಾಳಿನ ತನಕದ ಹರಳು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗದೆ ಬಿಡಿಬಿಡಿಯಾಗಿ ಉದುರಬೇಕು. ಇದೇ ಪರೀಕ್ಷೆ.

ಜಜ್ಜುವುದು ಯಾಕೆ? ಮೂರು ಸೆಂಟಿಮೀಟರಿನ ಒಂದು ತುಂಡಿಗೆ ಆರು ಮುಖ ಸೇರಿ 54 ಚದರ ಸೆಂಟಿಮೀಟರ್ ಮೈ. ಅದನ್ನೇ ಅರ್ಧ ಸೆಂಟಿಮೀಟರಿನ ತುಂಡುಗಳಾಗಿ ಒಡೆದರೆ 216 ತುಂಡು, 324 ಚದರ ಸೆಂಟಿಮೀಟರ್. ಬರ್ಫ ಅಷ್ಟೇ, ಪಾನೀಯಕ್ಕೆ ತಗಲುವ ಮೈ ಆರು ಪಟ್ಟು. ಒಂದು ಗ್ರಾಂ ಬರ್ಫ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು, ಅದನ್ನು ಪಾನೀಯದಿಂದಲೇ ಕಿತ್ತುಕೊಳ್ಳುತ್ತದೆ. ಹಾಗಾಗಿ ಅರೆ ನಿಮಿಷದಲ್ಲಿ ಗ್ಲಾಸಿನ ಹೊರಮೈ ಮಂಜು ಹಿಡಿಯುತ್ತದೆ. ಮದ್ಯವೋ ಉಪ್ಪೋ ಇದ್ದರೆ ಪಾನೀಯ ಸೊನ್ನೆ ಡಿಗ್ರಿಗಿಂತಲೂ ಕೆಳಗಿಳಿಯಬಲ್ಲದು. ಕುಲ್ಫಿಯವನು ಮಡಕೆಯ ಬರ್ಫಕ್ಕೆ ಉಪ್ಪು ಎರಚುವುದೂ ಇದಕ್ಕೇ.

ಈಗ ಕೆಲಸಕ್ಕೆ ಬರೋಣ. ನೀರನ್ನು ಕುದಿಸಿ ಆರಿಸಿ. ಹೆಪ್ಪುಗಟ್ಟಿಸಿದರೆ ರೋಗಾಣು ಸಾಯುತ್ತವೆ ಎಂದು ಬಹಳ ಜನ ನಂಬಿದ್ದಾರೆ, ಸಾಯುವುದಿಲ್ಲ. ಅಗಲ ಬಾಯಿಯ ಸ್ಟೀಲ್ ಡಬ್ಬಿಗೆ ಮುಕ್ಕಾಲು ತುಂಬಿಸಿ, ಯಾಕೆಂದರೆ ನೀರು ಬರ್ಫವಾಗುವಾಗ ಶೇಕಡಾ 9ರಷ್ಟು ಉಬ್ಬುತ್ತದೆ. ಮುಚ್ಚಳ ಹಾಕಿ. ಫ್ರೀಜರಿನಲ್ಲಿ ಮೀನಿದ್ದರೆ ಬರ್ಫಕ್ಕೂ ಮೀನಿನ ವಾಸನೆ ಹಿಡಿಯುತ್ತದೆ, ಇದಕ್ಕೆ ಯಾವ ಪಾಕವೂ ಮದ್ದಲ್ಲ. ಇನ್ನೂ ಶ್ರದ್ಧೆ ಇದ್ದವರು ಸಣ್ಣ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಹಿಡಿಸುವ ಡಬ್ಬಿ ಇಟ್ಟು ಎರಡರ ಬಾಯಿಯನ್ನೂ ತೆರೆದಿಟ್ಟರೆ ನೀರು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ, ಗಾಳಿಯ ಗುಳ್ಳೆಗಳನ್ನು ತಳಕ್ಕೆ ತಳ್ಳುತ್ತದೆ. ತಳ ಗಟ್ಟಿಯಾಗುವ ಮೊದಲೇ ಹೊರತೆಗೆದರೆ ಗಾಜಿನಂಥ ಬರ್ಫ. (ಫ್ರೀಜರಿನಲ್ಲಿ ಆ ಹೊತ್ತು ವಾಸನೆಯ ಪದಾರ್ಥ ಇರಬಾರದು, ಅಷ್ಟೇ.) ಚಂದಕ್ಕಾಗಿ ಇಷ್ಟು ಒದ್ದಾಟವಲ್ಲ. ಗುಳ್ಳೆ ತುಂಬಿದ ಬಿಳಿ ಬರ್ಫ ಪೆಟ್ಟಿಗೆ ಪುಡಿಯಾಗುತ್ತದೆ, ತಿಳಿ ಬರ್ಫ ಹರಳಾಗಿ ಸೀಳುತ್ತದೆ.

ಜಜ್ಜಲು ಚೀಲ ಬೇಕು, ಪ್ಲಾಸ್ಟಿಕ್ಕಿನದಲ್ಲ. ದಪ್ಪ ಹತ್ತಿ ಬಟ್ಟೆಯದು. ಅಂಗಡಿಯಲ್ಲಿ ಸಿಗುವ ಕೋರಾ ಬಟ್ಟೆಯಲ್ಲಿ ಹೊಲಿಸಿಕೊಂಡರೆ ಸಾಕು, ಗಂಜಿ ಹೋಗುವ ಹಾಗೆ ಎರಡು ಸಲ ತೊಳೆದಿರಬೇಕು. ಪ್ಲಾಸ್ಟಿಕ್ಕಿನಲ್ಲಿ ಕರಗಿದ ನೀರು ಅಲ್ಲೇ ನಿಂತು ಹರಳುಗಳನ್ನು ತೊಯ್ಯಿಸುತ್ತದೆ. ಹತ್ತಿ ಆ ನೀರನ್ನು ಕುಡಿದುಬಿಡುತ್ತದೆ, ಒಣ ಬರ್ಫ ಉಳಿಯುತ್ತದೆ. ಗುಟ್ಟಿರುವುದು ಇಲ್ಲೇ. ಗಡ್ಡೆಯನ್ನು ಫ್ರೀಜರಿನಿಂದ ತೆಗೆದ ಕೂಡಲೇ, ಮೈ ಬೆವರುವ ಮೊದಲೇ ಚೀಲಕ್ಕೆ ಹಾಕಿ ಬಾಯಿ ಮಡಚಿ. ಅಡುಗೆ ಕಟ್ಟೆಯ ಗ್ರಾನೈಟಿನ ಮೇಲೆ ಬಡಿಯಬೇಡಿ, ನೆಲದ ಮೇಲೆ ಮರದ ಮಣೆ ಇಟ್ಟುಕೊಳ್ಳಿ. ಬಡಿಯಲು ಲಟ್ಟಣಿಗೆಯಾದರೂ ನಡೆದೀತು, ಖಲಬತ್ತಾದ ಭಾರದ ಗುಂಡು ಇನ್ನೂ ಒಳ್ಳೆಯದು. ಮೊದಲು ಮೂರು ನಾಲ್ಕು ಜೋರು ಪೆಟ್ಟು, ಗಡ್ಡೆ ಒಡೆಯಲಿಕ್ಕೆ. ಆಮೇಲೆ ಚೀಲ ತಿರುಗಿಸುತ್ತ ಸಣ್ಣ ಪೆಟ್ಟು. ಸದ್ದು ಬದಲಾಗುವುದನ್ನು ಕೇಳಿ: ಠಕ್ಕೆನ್ನುವುದು ನಿಂತು ಕರಕರ ಎನ್ನತೊಡಗಿದರೆ ಸಾಕು. ಇನ್ನೂ ಬಡಿದರೆ ಹಿಟ್ಟು. ಹೊರಗೆ ಸುರಿದಮೇಲೆ ಅಗಲ ಕಣ್ಣಿನ ಜರಡಿಯಲ್ಲಿ ಒಮ್ಮೆ ಆಡಿಸಿ ಪುಡಿಯನ್ನು ಕೆಳಗೆ ಬೀಳಿಸಿ. ಮೊದಲು ಕರಗಿ ಪಾನೀಯ ನೀರು ಮಾಡುವುದು ಆ ಪುಡಿಯೇ. ಅದನ್ನು ಮಜ್ಜಿಗೆಗೆ ಹಾಕಿಕೊಳ್ಳಿ, ಚೆಲ್ಲಬೇಡಿ.

ಮಿಕ್ಸರ್ ಇರುವಾಗ ಈ ಕುಟ್ಟಾಟ ಯಾಕೆ ಎಂದರೆ, ಮಿಕ್ಸರ್ ಒಂದು ತುದಿಯಲ್ಲಿ ಹಿಟ್ಟು, ಇನ್ನೊಂದು ತುದಿಯಲ್ಲಿ ಗಡ್ಡೆ ಮಾಡಿ ಕೊಡುತ್ತದೆ, ಜಾರಿನ ಶಾಖಕ್ಕೆ ಎಲ್ಲವೂ ತೊಯ್ದಿರುತ್ತದೆ. ಹತ್ತು ಜನ ಒಟ್ಟಿಗೆ ಬಂದು ಕೂತರೆ ಮಾತ್ರ ಅದನ್ನು ಕ್ಷಮಿಸಬಹುದು. ಪೇಟೆಯ ಗಡ್ಡೆ ಬರ್ಫವನ್ನೇ ತರುವುದಾದರೆ ಬಣ್ಣ ನೋಡಿ. ತಿನ್ನಲಲ್ಲದ ಬರ್ಫಕ್ಕೆ ನೀಲಿ ಬಣ್ಣ ಬೆರೆಸಬೇಕೆಂಬ ನಿಯಮವಿದೆ. ಬಣ್ಣವಿಲ್ಲವೆಂದ ಮಾತ್ರಕ್ಕೆ ಶುದ್ಧವೆಂದೂ ಅಲ್ಲ. ಬಾಟಲಿಯನ್ನು ಹೊರಗಿನಿಂದ ತಂಪು ಮಾಡಲು ಅದು ಸಾಕು, ಹೊಟ್ಟೆಗೆ ಬೇಡ. ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟರೆ ಗಡ್ಡೆ ಬಹಳ ಹೊತ್ತು ಬಾಳುತ್ತದೆ. 1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತಾಕ್ಕೆ ಹಡಗಿನಲ್ಲಿ ಕೆರೆಯ ಬರ್ಫ ಬಂದಿಳಿದಾಗಲೂ ಅದನ್ನು ಕಾಪಾಡಿದ ಉಪಾಯ ಇಂಥದ್ದೇ.

ಕೋಕಮ್ಮಿನ ಪಾಕ ಮಾಡಲು ತಾಜಾ ಹಣ್ಣಿನ ಸಿಪ್ಪೆಯನ್ನು ಸಕ್ಕರೆಯ ಜೊತೆ ಪದರ ಪದರವಾಗಿ ಗಾಜಿನ ಭರಣಿಯಲ್ಲಿ ತುಂಬಿ ಬಿಸಿಲಿಗಿಟ್ಟರೆ ಸಕ್ಕರೆಯೇ ರಸ ಎಳೆದು ಕೊಡುತ್ತದೆ, ಒಲೆ ಬೇಕಿಲ್ಲ. ಗ್ಲಾಸಿಗೆ 30 ಮಿಲಿ ಪಾಕ, 20 ಮಿಲಿ ಲಿಂಬೆರಸ, ಚಿಟಿಕೆ ಕರಿ ಉಪ್ಪು, ಹುರಿದ ಜೀರಿಗೆ ಪುಡಿ. ಕುಡಿಯುವವರಿಗೆ 60 ಮಿಲಿ ಕಪ್ಪು ರಮ್. ಕುಡಿಯದವರು ಆ ಜಾಗಕ್ಕೆ ಪಾಕವನ್ನೇ ತುಸು ಹೆಚ್ಚಿಸಿ ಎರಡು ಚಮಚ ತಣ್ಣೀರು ಹಾಕಿ, ರುಚಿಯಲ್ಲಿ ಕಡಿಮೆಯೇನಿಲ್ಲ. ಮೇಲೆ ಮುಕ್ಕಾಲು ಗ್ಲಾಸು ಜಜ್ಜಿದ ಬರ್ಫ ಹಾಕಿ ಚಮಚೆಯಿಂದ ಕೆಳಗಿನಿಂದ ಮೇಲಕ್ಕೆ ಕಲಕಿ. ಸ್ಟೀಲ್ ಲೋಟದ ಹೊರಮೈ ಬೆಳ್ಳಗಾದಮೇಲೆ ಇನ್ನಷ್ಟು ಬರ್ಫ ಗೋಪುರ ಮಾಡಿ. ಈ ಪಾನೀಯಕ್ಕೆ ಗಾಜಿಗಿಂತ ಸ್ಟೀಲೇ ಮೇಲು ಎಂಬುದು ನನ್ನ ಹಟ.

ಕುಡಿಯುವಾಗ ಆತುರ ಬೇಡ, ಆಲಸ್ಯವೂ ಬೇಡ. ಮೊದಲ ಗುಟುಕು ಒರಟಾಗಿರುತ್ತದೆ, ಹುಳಿ ಹಲ್ಲಿಗೇರುತ್ತದೆ. ಎರಡು ಮೂರು ನಿಮಿಷ ಕಳೆದಾಗ ಹುಳಿ ಸಿಹಿ ಒಂದಕ್ಕೊಂದು ಹೊಂದಿಕೊಂಡು, ಜೀರಿಗೆ ಹಿಂದಿನಿಂದ ಬರುತ್ತದೆ. ಪಾನೀಯ ಹದಕ್ಕೆ ಬಂದಿರುವುದು ಆ ಹೊತ್ತಿನಲ್ಲಿ. ಅದಾದಮೇಲೆ ಇಳಿಜಾರು. ಮಾತಾಡುತ್ತ ಗ್ಲಾಸು ಮರೆಯುವವರಿಗೆ ಇದು ತಕ್ಕ ಪಾನೀಯವಲ್ಲ.

ಎಲ್ಲಕ್ಕೂ ಜಜ್ಜಿದ ಬರ್ಫ ಸಲ್ಲುವುದಿಲ್ಲ. ಸೋಲಕಢಿಗೆ ಬೇಡವೇ ಬೇಡ, ತೆಂಗಿನ ಹಾಲು ಸಪ್ಪೆಯಾಗುತ್ತದೆ. ಗೇರುಹಣ್ಣಿನ ರಸ ಹುಳಿಯಿಸಿ ಮೊದಲ ಸಲ ಭಟ್ಟಿ ಇಳಿಸಿದ ಉರಾಕ್ ಮೃದುವಾದದ್ದು, ಮದ್ಯಾಂಶ ಶೇಕಡಾ 15ರ ಆಸುಪಾಸು. ಜಜ್ಜಿದ ಬರ್ಫದಲ್ಲಿ ಅದು ಮುಳುಗಿಹೋಗುತ್ತದೆ. ಅದಕ್ಕೆ ದೊಡ್ಡ ಗಡ್ಡೆ, ಲಿಂಬೆ, ಉಪ್ಪು, ಸೀಳಿದ ಹಸಿಮೆಣಸು ಸಾಕು. ಇನ್ನೊಮ್ಮೆ ಭಟ್ಟಿ ಇಳಿಸಿದ ಫೆನಿ ಶೇಕಡಾ 42ರಷ್ಟು ಖಡಕ್ಕು, ವಾಸನೆಯೂ ಜಬರ್ದಸ್ತು. ಜಜ್ಜಿದ ಬರ್ಫದ ಎದುರು ನಿಲ್ಲುವ ತಾಕತ್ತು ಅದಕ್ಕಿದೆ, ಹೊಸಬರ ಮೂಗಿಗೂ ಅದೇ ರೂಪದಲ್ಲಿ ಒಗ್ಗುತ್ತದೆ. ಆದರೆ ಗೋವಾದಿಂದ ಚೋರ್ಲಾ ಘಾಟಿಯಲ್ಲಿ ಬರುವಾಗ ಪರ್ಮಿಟ್ಟಿಲ್ಲದೆ ಬಾಟಲಿ ತರಬೇಡಿ, ಕಣಕುಂಬಿಯಲ್ಲಿ ಅಬಕಾರಿಯವರು ಡಿಕ್ಕಿ ತೆಗೆಸುತ್ತಾರೆ. ಕೋಕಮ್ಮಿಗೆ ಆ ತಂಟೆಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಬರುತ್ತದೆ, ಕೆಂಪಗೆ ಮಾಗಿದ್ದನ್ನೇ ಆರಿಸಿ. ಬರ್ಫವನ್ನು ಮಾತ್ರ ಹಿಂದಿನ ರಾತ್ರಿಯೇ ಇಟ್ಟುಬಿಡಿ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಅಡ್ಡಮಳೆ ಗುಡುಗಿತೆಂದರೆ ಕರೆಂಟು ಹೋಗುತ್ತದೆ.